ಅಮೆರಿಕದ ಮೇಳದ ಬದಲಿ ಭಾಗವತ

ದೊಡ್ಡ ಸುಳ್ಳು ಹೇಳುವವರ ಬಗ್ಗೆ ನನಗೆ ಒಳಗೊಳಗೇ ಗೌರವವಿದೆ. ಅದಕ್ಕೆ ಧೈರ್ಯ ಬೇಕು, ಜ್ಞಾಪಕಶಕ್ತಿ ಬೇಕು, ಹೇಳುವ ಮೊದಲು ಕೂತು ಯೋಚಿಸುವ ವ್ಯವಧಾನ ಬೇಕು. ಈ ಮೂರೂ ಇಲ್ಲದ ನನ್ನಂಥವರ ಪಾಲಿಗೆ ಇರುವುದು ದಾಕ್ಷಿಣ್ಯದ ಸುಳ್ಳು. ಊಟಕ್ಕೆ ಕರೆದವರ ಮನೆಯ ಉಪ್ಪಿಲ್ಲದ ಸಾರನ್ನು ಎರಡನೇ ಸಲ ಬಡಿಸಿಕೊಳ್ಳುವುದು, ಮದುವೆಮನೆಯಲ್ಲಿ ಯಾರೋ ಬಂದು ಹೆಗಲು ಹಿಡಿದು "ನಾನು ಯಾರು ಹೇಳು ನೋಡುವಾ" ಎಂದರೆ "ನಿಮ್ಮನ್ನು ಮರೆಯುವುದುಂಟೇ" ಎಂದು ಜಾರಿಕೊಳ್ಳುವುದು, ಇಂಥವು. ಇವು ನಮ್ಮ ಅಪ್ಪಣೆ ಕೇಳದೆ ಬಾಯಿಂದ ಹೊರಟುಬಿಡುತ್ತವೆ. ಹೊರಟವನ್ನು ವಾಪಸು ಕರೆಯುವುದು ಮಾತ್ರ ಬಹಳ ಕಷ್ಟ. ಒಂದು ಸೋಮವಾರ ಬೆಳಿಗ್ಗೆ ಎಂಟೂವರೆಗೆ ಮ್ಯಾಂಚೆಸ್ಟರಿನ ಒಂದು ಆಸ್ಪತ್ರೆಯಲ್ಲಿ ನಾನು ಹೇಳಿದ ಅಂಥದೊಂದು ಸುಳ್ಳು ಹದಿನೆಂಟು ವರ್ಷ ನನ್ನ ಜೊತೆ ಸಂಸಾರ ಮಾಡಿತು. ಅದು ಅಮೆರಿಕದ ಒಂದು ರಾಕ್ ಬ್ಯಾಂಡಿಗೆ ಸಂಬಂಧಪಟ್ಟದ್ದು. ಬ್ಯಾಂಡಿನ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ. ಅವರ ಅಭಿಮಾನಿಗಳಿಗೆ ಈಗ ಅರುವತ್ತು ದಾಟಿದ್ದರೂ ಸಿಟ್ಟು ಇನ್ನೂ ಇಪ್ಪತ್ತರದ್ದು.

ನಾನು ಅನಸ್ತೇಷಿಯಾದ ಡಾಕ್ಟರು. ಊರು ಕುಂದಾಪುರದ ಹತ್ತಿರ. ಇರುವುದು ಮ್ಯಾಂಚೆಸ್ಟರಿನ ವಿದನ್‌ಶಾದ ಅಂಚಿನಲ್ಲಿ, ವಿಮಾನಗಳು ಇಳಿಯುವ ದಾರಿಯ ಕೆಳಗೆ. ಹೆಂಡತಿ ವೀಣಾ ಜಿಪಿ, ಅಂದರೆ ಇಲ್ಲಿನ ಫ್ಯಾಮಿಲಿ ಡಾಕ್ಟರು, ಮೈಸೂರಿನವಳು. ದಿನಕ್ಕೆ ಮೂವತ್ತು ಜನರ ಕಷ್ಟ ಕೇಳಿ ಬರುವವಳಾದ್ದರಿಂದ ಮೂವತ್ತೊಂದನೆಯದಾಗಿ ನನ್ನದನ್ನು ಕೇಳುವಾಗ ಅವಳ ಸಹನೆ ಸ್ವಲ್ಪ ತೆಳ್ಳಗಾಗಿರುತ್ತದೆ. ಆ ಸೋಮವಾರ ನನ್ನ ಮೊದಲ ದಿನ. ಮೊಣಕಾಲಿನ ಕೀಲು ಬದಲಾಯಿಸುವ ಸರ್ಜನ್ ಗ್ರಹಾಂ ಅವರ ಥಿಯೇಟರಿಗೆ ನನ್ನನ್ನು ಹಾಕಿದ್ದರು. ಆರಡಿ ಎತ್ತರದ ಆಳು, ಲೀಡ್ಸ್ ಕಡೆಯವರು, ಮಾತು ಕಡಿಮೆ ಎಂದು ಡ್ಯೂಟಿ ಪಟ್ಟಿ ಬರೆಯುವಾಕೆ ಎಚ್ಚರಿಸಿದ್ದಳು. ಇಲ್ಲಿ ಥಿಯೇಟರಿನಲ್ಲಿ ಹಾಡು ಹಾಕಿಕೊಂಡು ಆಪರೇಷನ್ ಮಾಡುವುದು ಸಾಮಾನ್ಯ, ಮತ್ತು ಯಾವ ಹಾಡು ಎಂಬುದು ಸರ್ಜನರ ಹಕ್ಕು. ನಾನು ಒಳಗೆ ಕಾಲಿಟ್ಟಾಗ ಟ್ರಾಲಿಯ ಮೇಲಿನ ಸಿಡಿ ಪ್ಲೇಯರಿನಿಂದ ಯಾರೋ ಗಂಟಲು ಹರಿಯುವಂತೆ ಕೂಗುತ್ತಿದ್ದರು. ಗ್ರಹಾಂ ನನ್ನ ಕೈ ಕುಲುಕಿ, ಪ್ಲೇಯರಿನ ಕಡೆ ಗದ್ದ ತೋರಿಸಿ, "ಇವರು ಗೊತ್ತಲ್ಲ?" ಎಂದರು.

"ಯೆಸ್ ಸರ್" ಎಂದೆ.

ಯಾಕೆ ಎಂದು ಕೇಳಬೇಡಿ. ನಮ್ಮಲ್ಲಿ ಮೆಡಿಕಲ್ ಕಾಲೇಜಿನಲ್ಲಿ ಓದಿದವರಿಗೆ ಗೊತ್ತು. ಪ್ರೊಫೆಸರು ರೋಗಿಯ ಹೊಟ್ಟೆಯ ಮೇಲೆ ಕೈಯಿಟ್ಟು "ಗೊತ್ತಾಯ್ತಲ್ಲ?" ಎಂದರೆ ಸುತ್ತ ನಿಂತ ಹದಿನೈದು ತಲೆಗಳೂ ಒಟ್ಟಿಗೆ ಅಲ್ಲಾಡಬೇಕು. ಅಲ್ಲಾಡದ ತಲೆಗೆ ಮುಂದಿನ ಆರು ತಿಂಗಳು ಸುಖವಿಲ್ಲ. ಹಾಗೆ ಅಲ್ಲಾಡಿಸಿ ಅಲ್ಲಾಡಿಸಿಯೇ ನಾವು ಪಾಸಾದದ್ದು. ಇಂಗ್ಲೆಂಡಿನಲ್ಲಿ "ಗೊತ್ತಿಲ್ಲ" ಎಂದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ, ಬದಲಿಗೆ ಖುಷಿಯಿಂದ ಹೇಳಿಕೊಡುತ್ತಾರೆ ಎಂಬುದು ನನಗೆ ತಿಳಿದದ್ದು ಆಮೇಲೆ. ಅಷ್ಟರಲ್ಲಿ ಗ್ರಹಾಂ ಎರಡನೇ ಪ್ರಶ್ನೆ ಕೇಳಿಬಿಟ್ಟಿದ್ದರು. ಇವರ ಆಲ್ಬಮ್ಮುಗಳಲ್ಲಿ ನಿನಗೆ ಯಾವುದು ಇಷ್ಟ? ನಾನು ತಲೆ ಓಡಿಸಿದೆ. ಮೊದಲನೆಯದು ಎಂದರೆ ಎಲ್ಲರೂ ಹೇಳುವ ಉತ್ತರ, ತಿಳಿಯದವನೆಂದು ಗೊತ್ತಾಗಿಬಿಡುತ್ತದೆ. ಕೊನೆಯದು ಎಂದರೆ ಅದು ಎಷ್ಟನೆಯದೆಂದು ನನಗೇ ಗೊತ್ತಿಲ್ಲ. ಇಷ್ಟು ದೊಡ್ಡ ಧ್ವನಿಯಲ್ಲಿ ಕೂಗುವವರು ನಾಲ್ಕಾದರೂ ಮಾಡಿರುತ್ತಾರೆ ಎಂದು ಲೆಕ್ಕ ಹಾಕಿ "ನಾಲ್ಕನೆಯದು" ಎಂದೆ. ರಕ್ತ ಒರೆಸುವ ಬಟ್ಟೆಗಳನ್ನು ಎಣಿಸುತ್ತಿದ್ದ ನರ್ಸ್ ಮೊಯ್ರಾ ಎಣಿಕೆ ತಪ್ಪಿ ಮೊದಲಿನಿಂದ ಶುರುಮಾಡಿದಳು. ಗ್ರಹಾಂ ಮಾಸ್ಕಿನ ಮೇಲಿಂದ ನನ್ನನ್ನೇ ನೋಡಿ, "ನಾಲ್ಕನೆಯದು ಎಂದು ಬಾಯಿಬಿಟ್ಟು ಹೇಳಿದ ಮನುಷ್ಯನನ್ನು ಜೀವನದಲ್ಲಿ ಇವತ್ತೇ ನೋಡಿದ್ದು" ಎಂದರು. ಆ ಧ್ವನಿಯಲ್ಲಿ ಅಸಹ್ಯವೂ ಇತ್ತು, ಒಂದು ಬಗೆಯ ಮರ್ಯಾದೆಯೂ ಇತ್ತು.

ಸಂಜೆ ಮನೆಗೆ ಬಂದವನೇ ಕಂಪ್ಯೂಟರಿನ ಮುಂದೆ ಕೂತೆ. ನಾಲ್ಕನೆಯದು ಯಾವುದೆಂದು ತಿಳಿದಾಗ ನಾನು ಅನಸ್ತೇಷಿಯಾ ಇಲ್ಲದೆಯೇ ತಣ್ಣಗಾದೆ. ಬ್ಯಾಂಡಿನ ಮೂಲ ಹಾಡುಗಾರ ಜಗಳವಾಡಿ ಬಿಟ್ಟುಹೋದ ಮೇಲೆ ಬೇರೆ ಯಾರನ್ನೋ ತಂದು ಹಾಡಿಸಿದ ಆಲ್ಬಮ್ ಅದು. ಅಭಿಮಾನಿಗಳು ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅವರ ಪ್ರಕಾರ ಮೂರಾದ ಮೇಲೆ ಐದು. ವೀಣಾ ಅಡಿಗೆಮನೆಯಿಂದಲೇ ತೀರ್ಪು ಕೊಟ್ಟಳು: "ಇದಕ್ಕೆಲ್ಲ ಯಾಕ್ರೀ ಇಷ್ಟು ಯೋಚ್ನೆ? ನಾಳೆ ಹೋಗಿ, ಗೊತ್ತಿರಲಿಲ್ಲ, ಸುಮ್ನೆ ಅಂದೆ ಅಂತ ಹೇಳ್ಬಿಡಿ." ಹೇಳುತ್ತೇನೆ ಎಂದೆ. ಮರುದಿನ ಆರು ಮೊಣಕಾಲುಗಳಿದ್ದವು, ಹೇಳಲು ಪುರುಸೊತ್ತಾಗಲಿಲ್ಲ. ಅದರ ಮರುದಿನ ಗ್ರಹಾಂ ನನಗೆಂದು ಕಾಫಿ ತಂದಿಟ್ಟಿದ್ದರು. ಕಾಫಿ ತಂದವರಿಗೆ ಅಂಥ ಮಾತು ಹೇಳುವುದು ಹೇಗೆ? ಹಾಗೆ ಮುಂದಕ್ಕೆ ಹೋಗುತ್ತಾ ಹೋಗುತ್ತಾ ಆಗ ತೊಟ್ಟಿಲಲ್ಲಿದ್ದ ಮಗಳು ಬೆಳೆದು, ಕೊವೆಂಟ್ರಿಗೆ ಇಂಜಿನಿಯರಿಂಗ್ ಓದಲು ಹೋದಳು.

ಬ್ಯಾಂಡಿನ ಚರಿತ್ರೆಯನ್ನು ನಾನು ಕಲಿತದ್ದು ಗ್ರಹಾಂ ಬಾಯಿಯಿಂದ, ಒಂದು ಮೊಣಕಾಲಿಗೆ ಒಂದು ಅಧ್ಯಾಯದಂತೆ. ಇದಕ್ಕೆ ಕಾರಣ ಸಿಮೆಂಟು. ಹೊಸ ಕೀಲನ್ನು ಮೂಳೆಗೆ ಅಂಟಿಸಲು ಒಂದು ಬಗೆಯ ಸಿಮೆಂಟು ಕಲಸಿ ಹಾಕುತ್ತಾರೆ. ಅದು ಗಟ್ಟಿಯಾಗುವ ತನಕ ಹತ್ತು ಹನ್ನೆರಡು ನಿಮಿಷ ಸರ್ಜನ್ ಕಾಲನ್ನು ಒತ್ತಿ ಹಿಡಿದು ಅಲ್ಲಾಡದೆ ನಿಲ್ಲಬೇಕು. ಆ ಹೊತ್ತಿನಲ್ಲಿ ಕೆಲಸವಿರುವುದು ನನಗೊಬ್ಬನಿಗೇ, ರಕ್ತದೊತ್ತಡ ಇಳಿಯದಂತೆ ನೋಡಿಕೊಳ್ಳುವುದು. ಮಾತು ಕಡಿಮೆ ಎಂದು ಹೆಸರಾದ ಗ್ರಹಾಂ ಈ ಹತ್ತು ನಿಮಿಷಗಳಲ್ಲಿ ಮಾತ್ರ ಬಾಯಿ ಬಿಡುತ್ತಿದ್ದರು. ನಾನು ಮಾನಿಟರ್ ನೋಡುತ್ತಾ ಹೂಂಗುಟ್ಟುತ್ತಿದ್ದೆ. ಕಥೆಗೆ ಹೂಂಗುಟ್ಟುವುದರಲ್ಲಿ ನಾನು ಅಜ್ಜಿಯ ಕೈಯಲ್ಲಿ ಪಳಗಿದವನು. ಎಲ್ಲಿ "ಹೂಂ", ಎಲ್ಲಿ "ಹೌದಾ", ಎಲ್ಲಿ "ಮತ್ತೆ?" ಎಂದು ಹಾಕಬೇಕೆಂದು ಚೆನ್ನಾಗಿ ಗೊತ್ತು. ಮೊಯ್ರಾ ಉಳಿದ ಸಿಮೆಂಟಿನ ಒಂದು ಉಂಡೆಯನ್ನು ಕೈಯಲ್ಲಿ ಹಿಡಿದಿರುತ್ತಿದ್ದಳು. ಅದನ್ನು ಟ್ರಾಲಿಗೆ ಬಡಿದಾಗ ಟಕ್ ಎಂದರೆ ಗಟ್ಟಿಯಾಯಿತೆಂದು ಲೆಕ್ಕ, ಅಲ್ಲಿಗೆ ಅಧ್ಯಾಯ ಮುಗಿಯುತ್ತಿತ್ತು.

ಮೇಳ ಹುಟ್ಟಿದ್ದು ಅಮೆರಿಕದ ಒಂದು ಸಣ್ಣ ಪೇಟೆಯಲ್ಲಿ, ಟಯರ್ ರಿಪೇರಿ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ. ಮೇಳ ಎಂದು ನಾನು ಬೇಕೆಂದೇ ಹೇಳುತ್ತಿದ್ದೇನೆ. ನನ್ನ ಸೋದರಮಾವ ಒಂದು ಯಕ್ಷಗಾನ ಡೇರೆ ಮೇಳದ ಮ್ಯಾನೇಜರಾಗಿದ್ದವರು. ಯಾವ ಭಾಗವತರು ಯಾರ ಮೇಲೆ ಮುನಿಸಿಕೊಂಡರು, ಯಾವ ಮದ್ದಳೆಗಾರ ಹಗ್ಗ ಹರಿದು ಎದುರು ಮೇಳಕ್ಕೆ ಹೋದ ಎಂಬುದನ್ನು ಊಟದ ಜೊತೆ ಉಪ್ಪಿನಕಾಯಿಯಂತೆ ನೆಕ್ಕಿ ಬೆಳೆದವನು ನಾನು. ಗ್ರಹಾಂ ಹೇಳಿದ್ದರಲ್ಲಿ ಸಂಗೀತದ ಮಾತುಗಳು ನನಗೆ ಒಂದೂ ಅರ್ಥವಾಗಲಿಲ್ಲ. ಆದರೆ ಜಗಳ ಮಾತ್ರ ಪೂರ್ತಿ ಅರ್ಥವಾಯಿತು. ಹಾಡುವವನೂ ಗಿಟಾರಿನವನೂ ಒಂದೇ ಬೆಂಚಿನ ಸಹಪಾಠಿಗಳು. ಡ್ರಮ್ಮಿನವನನ್ನು ಸೇರಿಸಿಕೊಂಡದ್ದು ಅವನ ಅಪ್ಪನ ಹತ್ತಿರ ವ್ಯಾನು ಇತ್ತೆಂದು. ಬೇಸ್ ಗಿಟಾರಿನವನನ್ನು ಯಾಕೆ ಸೇರಿಸಿಕೊಂಡರೆಂದು ಯಾರಿಗೂ ನೆನಪಿಲ್ಲ. ಆತ ಮಾತೇ ಆಡುವುದಿಲ್ಲವಾದ್ದರಿಂದ ಅವನನ್ನು ಕೇಳುವಂತೆಯೂ ಇಲ್ಲ. ಮೊದಲ ಆಲ್ಬಮ್ಮನ್ನು ಅವರ ತಾಯಂದಿರು ಕೇಳಿದರು. ಎರಡನೆಯದರಲ್ಲಿ ಒಂದು ಹಾಡು ಲಾರಿ ಡ್ರೈವರುಗಳಿಗೆ ಹಿಡಿಸಿ, ಅಲ್ಲಿಂದ ರೇಡಿಯೋಗೆ ಹತ್ತಿತು. ಮೂರನೆಯದು ಬಂದಾಗ ಲೀಡ್ಸಿನಲ್ಲಿ ಶಾಲೆಗೆ ಹೋಗುತ್ತಿದ್ದ ಗ್ರಹಾಂ ಎಂಬ ಹುಡುಗ ಮಧ್ಯಾಹ್ನದ ಊಟ ಬಿಟ್ಟು ಅದನ್ನು ಕೊಂಡ. ಆಮೇಲೆ ಎಲ್ಲ ಮೇಳಗಳಿಗೂ ಆಗುವುದೇ ಇವರಿಗೂ ಆಯಿತು. ಹಾಡು ಕಟ್ಟಿದವರ ಹೆಸರು ಅಚ್ಚಾಗುವಾಗ ಯಾರದು ಮೇಲೆ, ಯಾರದು ಕೆಳಗೆ ಎಂದು ಹಾಡುವವನಿಗೂ ಗಿಟಾರಿನವನಿಗೂ ಮಾತು ನಿಂತಿತು. ಒಂದೇ ಬಸ್ಸಿನಲ್ಲಿ ತಿರುಗಾಟ, ಒಂದೇ ರಂಗಸ್ಥಳ, ಆದರೆ ಒಬ್ಬರಿಗೊಬ್ಬರು ಡ್ರಮ್ಮಿನವನ ಮೂಲಕ ಚೀಟಿ ಕಳಿಸುತ್ತಿದ್ದರಂತೆ. ಇದನ್ನು ಕೇಳಿದಾಗ ನಾನು ಮೈಮರೆತು, "ನಮ್ಮ ಮಾವನ ಮೇಳದಲ್ಲೂ ಹೀಗೇ, ಹ್ಯಾಂಡ್‌ಬಿಲ್ಲಿನಲ್ಲಿ ಹೆಸರು ಕೆಳಗಾಯಿತೆಂದು ಭಾಗವತರು ಅರ್ಧ ತಿರುಗಾಟಕ್ಕೇ ಎದ್ದು ಹೋದರು" ಎಂದುಬಿಟ್ಟೆ. ಗ್ರಹಾಂ ಮೊಣಕಾಲು ಹಿಡಿದುಕೊಂಡೇ ಹದಿನೈದು ಪ್ರಶ್ನೆ ಕೇಳಿದರು. ಅಂದಿನಿಂದ ಥಿಯೇಟರಿನಲ್ಲಿ ಆ ಹಾಡುವವನಿಗೆ ಭಾಗವತ ಎಂದೇ ಹೆಸರಾಯಿತು. ಮೊಯ್ರಾ ಅದನ್ನು "ಬ್ಯಾಗವ್ಯಾಟ್" ಎನ್ನುತ್ತಾಳೆ.

ಉಳಿದ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಭಾಗವತ ಹೋದ. ಗಿಟಾರಿನವ ಹಟ ಹಿಡಿದು ಬೇರೊಬ್ಬನನ್ನು ತಂದು ನಾಲ್ಕನೆಯದನ್ನು ಮಾಡಿದ. ಅದು ಬಿದ್ದಿತು. ಮೇಳ ಚದುರಿತು. ಗಿಟಾರಿನವ ಹೂವಿನ ಗಿಡಗಳ ನರ್ಸರಿ ಇಟ್ಟ, ಡ್ರಮ್ಮಿನವ ಮನೆ ಮಾರಾಟದ ದಲ್ಲಾಳಿಯಾದ, ಬೇಸಿನವ ಯಾರಿಗೂ ಹೇಳದೆ ಕೋರ್ಸು ಮಾಡಿ ಹಲ್ಲಿನ ಡಾಕ್ಟರಾದ. ಭಾಗವತ ಒಬ್ಬನೇ ಹಾಡಿಕೊಂಡು ಕುದುರೆ, ನದಿ, ಅಮ್ಮ ಎಂದು ಮೂರು ಆಲ್ಬಮ್ ತಂದ. ಇಪ್ಪತ್ತು ವರ್ಷವಾದ ಮೇಲೆ ಡ್ರಮ್ಮಿನವನ ಮಗಳ ಮದುವೆಯಲ್ಲಿ ಭಾಗವತನೂ ಗಿಟಾರಿನವನೂ ಎದುರುಬದುರಾಗಿ, ಅತ್ತು, ರಾಜಿಯಾಗಿ, ಐದನೆಯದನ್ನು ಮಾಡಿದರು. ಆಮೇಲೆ ವಿದಾಯದ ತಿರುಗಾಟ ಹೊರಟರು. ಎರಡು ವರ್ಷ ಬಿಟ್ಟು ಇನ್ನೊಮ್ಮೆ ವಿದಾಯ ಹೇಳಲು ಬಂದರು. ಗೆಜ್ಜೆ ಬಿಚ್ಚುವುದು, ಮತ್ತೆ ಕಟ್ಟುವುದು ನಡೆದೇ ಇದೆ. ಇಷ್ಟೂ ಚರಿತ್ರೆ ನನಗೆ ಬಾಯಿಪಾಠವಾದರೂ ಅವರ ಒಂದು ಹಾಡೂ ಇಷ್ಟವಾಗಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಆ ಗಲಾಟೆಯಲ್ಲಿ ರೋಗಿಯ ನಾಡಿಯ ಬೀಪ್ ಕೇಳಿಸಿಕೊಳ್ಳುವುದೇ ನನಗೆ ದೊಡ್ಡ ಕೆಲಸವಾಗಿತ್ತು.

ಆದರೆ ನಾಲ್ಕನೆಯದರ ವಿಷಯ ಬೇರೆ. ಅದನ್ನು ಗ್ರಹಾಂ ಥಿಯೇಟರಿನಲ್ಲಿ ಒಮ್ಮೆಯೂ ಹಾಕಲಿಲ್ಲ. ಹಾಕದಿದ್ದರೂ ತಿಂಗಳಿಗೊಮ್ಮೆಯಾದರೂ ಅದರ ಬಗ್ಗೆ ವಾದಕ್ಕೆ ಎಳೆಯುತ್ತಿದ್ದರು. "ಅದರಲ್ಲಿ ನೀನು ಏನು ಕಂಡೆ?" ಉತ್ತರ ಕೊಡಬೇಕಲ್ಲ. ಸ್ಟಾಕ್‌ಪೋರ್ಟಿನ ಹಳೆ ಸಾಮಾನು ಮಾರುವ ಒಂದು ಚಾರಿಟಿ ಅಂಗಡಿಯಲ್ಲಿ ಅದರ ಸಿಡಿ ಸಿಕ್ಕಿತು. ಪರೀಕ್ಷೆಗೆ ಓದುವ ಹಾಗೆ ಕಾರಿನಲ್ಲಿ ಹಾಕಿಕೊಂಡೆ. ಬೆಳಿಗ್ಗೆ ಎಂ60 ರಸ್ತೆಯಲ್ಲಿ ಕಾರುಗಳು ಸಾಲಾಗಿ ನಿಂತಿರುತ್ತವೆ. ಆ ರಸ್ತೆಯಲ್ಲಿ ಮನುಷ್ಯ ಏನನ್ನು ಬೇಕಾದರೂ ಕಲಿಯಬಹುದು. ಮೊದಲ ತಿಂಗಳು ಏನೂ ಅನ್ನಿಸಲಿಲ್ಲ. ಆಮೇಲೆ ಒಂದು ದಿನ, ಏಳನೇ ಹಾಡಿನಲ್ಲಿ, ವಾದ್ಯಗಳೆಲ್ಲ ಶುರುವಾದ ಮೇಲೆ ಆ ಹೊಸ ಹಾಡುಗಾರ ಒಂದು ಕ್ಷಣ ತಡೆದು ಬರುತ್ತಾನೆ ಎಂಬುದು ಕಿವಿಗೆ ಬಿತ್ತು. ತಾಳ ತಪ್ಪಿದ್ದಲ್ಲ. ಬಾಗಿಲಲ್ಲಿ ನಿಂತು, ಒಳಗೆ ಬರಬಹುದೇ ಎಂದು ಕೇಳಿ ಬಂದ ಹಾಗೆ. ಅವನ ಬಗ್ಗೆ ಓದಿದೆ. ಪೇಂಟು, ಮೊಳೆ ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದು, ಭಾನುವಾರ ಚರ್ಚಿನಲ್ಲಿ ಹಾಡುತ್ತಿದ್ದವನಂತೆ. ಎರಡು ವರ್ಷ ಊರೂರು ತಿರುಗಿದ. ಹೋದಲ್ಲೆಲ್ಲ ಜನ ಹಳೆಯವನ ಹೆಸರು ಹಿಡಿದು ಕೂಗಿದರು. ಕೊನೆಗೆ ಒಂದು ಕಾಗದ ಕಳಿಸಿ ಅವನನ್ನು ಬಿಡಿಸಿದರು. ರಾಜಿಯಾದ ಮದುವೆಗೆ ಅವನನ್ನು ಕರೆಯಲಿಲ್ಲ.

ನಮ್ಮ ಮಾವನ ಮೇಳದಲ್ಲಿ ಭಾಗವತರು ಎದ್ದುಹೋದ ವರ್ಷ ಬೇರೆ ಮೇಳದಿಂದ ಒಬ್ಬರನ್ನು ಬದಲಿಗೆ ತಂದಿದ್ದರು. ಸಣಕಲು ಮನುಷ್ಯ, ಮುಂಡಾಸು ಅವರಿಗೆ ದೊಡ್ಡದಾಗಿತ್ತು. ಜನ ಆಟ ನೋಡಿದರು, ಆದರೆ ಪದಕ್ಕೆ ಯಾರೂ ತಲೆದೂಗಲಿಲ್ಲ. ಅವರು ತಲೆ ತಗ್ಗಿಸಿಕೊಂಡು ಜಾಗಟೆ ಬಾರಿಸುತ್ತಾ ಬೆಳಗಿನ ತನಕ ಹಾಡಿದರು. ಇದನ್ನೆಲ್ಲ ಎಂ60ಯಲ್ಲಿ ನೆನೆಸಿಕೊಂಡದ್ದಕ್ಕೆ ನನ್ನದೂ ಒಂದು ಸ್ವಾರ್ಥದ ಕಾರಣವಿತ್ತು. ನಾನು ಈ ಆಸ್ಪತ್ರೆಗೆ ಬಂದದ್ದು ಅಲನ್ ಎಂಬ ಡಾಕ್ಟರು ನಿವೃತ್ತರಾದ ಜಾಗಕ್ಕೆ. ಅವರು ಇಪ್ಪತ್ತೈದು ವರ್ಷ ಎಲ್ಲರ ಕಣ್ಮಣಿ. ಮೊದಲ ವರ್ಷವಿಡೀ ನಾನು ಏನು ಮಾಡಿದರೂ "ಅಲನ್ ಇದನ್ನು ಬೇರೆ ಥರ ಮಾಡುತ್ತಿದ್ದರು" ಎನ್ನುತ್ತಿದ್ದರು. ಕಾಫಿ ಕೋಣೆಯಲ್ಲಿ ಅವರ ಮಗ್ಗು ಹಾಗೇ ಇತ್ತು. ಅದರಲ್ಲಿ ಯಾರೂ ಕುಡಿಯುತ್ತಿರಲಿಲ್ಲ. ಒಮ್ಮೆ ನಾನು ತಿಳಿಯದೆ ಕುಡಿದಾಗ ಯಾರೂ ಏನೂ ಅನ್ನಲಿಲ್ಲ, ಅದೇ ನನಗೆ ಹೆಚ್ಚು ನೋವಾದದ್ದು. ಕಾರಿನಲ್ಲಿ ಆ ಪೇಂಟಂಗಡಿಯವ ಏಳನೇ ಹಾಡು ಹಾಡುವಾಗ ನಾನು ಧ್ವನಿ ಏರಿಸುತ್ತಿದ್ದೆ. ಯಾವಾಗಿನಿಂದ ಎಂದು ಗೊತ್ತಿಲ್ಲ, ಆ ಆಲ್ಬಮ್ ನನಗೆ ಬಹಳ ಇಷ್ಟವಾಗಿಹೋಗಿತ್ತು. ಕಾರು ಹಳೆಯದಾಯಿತು, ಮಾರಿ ಎಂದು ಮಗಳು ಫೋನಿನಲ್ಲಿ ಇಂಗ್ಲಿಷಿನಲ್ಲಿ ಬೈದರೂ ಮಾರಲಿಲ್ಲ. ಹೊಸ ಕಾರುಗಳಲ್ಲಿ ಸಿಡಿ ಹಾಕುವ ಜಾಗವಿಲ್ಲ.

ಹೀಗಿರುವಾಗ ಈ ವರ್ಷ ಗ್ರಹಾಂ ನಿವೃತ್ತಿಯ ಮಾತೆತ್ತಿದರು. ಊರ ಹೊರಗೆ, ಹಡರ್ಸ್‌ಫೀಲ್ಡಿನ ಆಚೆ ಸಣ್ಣ ಮನೆ ಕೊಂಡಿದ್ದಾರೆ. ಒಂದು ದಿನ ಸಿಮೆಂಟಿನ ಹೊತ್ತಿನಲ್ಲಿ, ಮಾನಿಟರಿನ ಕಡೆ ನೋಡುತ್ತಾ ಹೇಳಿದರು: "ಶ್ರೀ, ನನ್ನ ರೆಕಾರ್ಡುಗಳನ್ನೆಲ್ಲ ನಿನಗೆ ಕೊಡಬೇಕೆಂದಿದ್ದೇನೆ. ಊಟ ಬಿಟ್ಟು ಕೊಂಡ ಆ ಮೂರನೆಯದೂ ಇದೆ. ಹೊಸ ಮನೆಯಲ್ಲಿ ಜಾಗವಿಲ್ಲ. ಮಕ್ಕಳಿಗೆ ಬೇಡ. ಇದರ ಬೆಲೆ ತಿಳಿದವನು ನೀನೊಬ್ಬನೇ." ಇಂಗ್ಲಿಷಿನಲ್ಲಿ ನೀನು, ನೀವು ಎಂಬ ಭೇದವಿಲ್ಲವಾದರೂ ಗ್ರಹಾಂ ನನಗೆ ಹೇಳುವುದು ಯಾವಾಗಲೂ ನೀನು ಎಂದೇ ಕೇಳಿಸುತ್ತದೆ, ನಾನು ಅವರಿಗೆ ಹೇಳುವುದು ನೀವು ಎಂದೇ. ನನಗೆ ರಕ್ತದೊತ್ತಡ ಇಳಿದಂತಾಯಿತು. ರೋಗಿಯದು ಸರಿಯಾಗಿಯೇ ಇತ್ತು.

ಮನೆಗೆ ಬಂದು ಹೇಳಿದೆ. ವೀಣಾ ಲ್ಯಾಪ್‌ಟಾಪ್ ಮುಚ್ಚಿದಳು. ಅವಳು ಲ್ಯಾಪ್‌ಟಾಪ್ ಮುಚ್ಚಿದರೆ ವಿಷಯ ಗಂಭೀರ ಎಂದರ್ಥ. "ಅಲ್ರೀ, ಹದಿನೆಂಟು ವರ್ಷ ಸುಮ್ನಿದ್ರಿ, ಸರಿ. ಹೂಂ ಅಂದ್ರಿ, ಸರಿ. ಅದರಿಂದ ಯಾರಿಗೂ ನಷ್ಟ ಆಗ್ಲಿಲ್ಲ. ಆದರೆ ಆ ಮನುಷ್ಯ ಊಟ ಬಿಟ್ಟು ಕೊಂಡಿದ್ದನ್ನ ನೀವು ಸುಳ್ಳು ಹೇಳಿ ತಗೊಳ್ತೀರಾ?"

"ಹಾಗಲ್ಲ ಮಾರಾಯ್ತಿ. ಈಗ ಹೇಳಿದ್ರೆ ಅವರಿಗೆ ಎಷ್ಟು ಬೇಜಾರಾಗ್ಲಿಕ್ಕಿಲ್ಲ? ಹೋಗುವ ಹೊತ್ತಿಗೆ?"

"ಬೇಜಾರಾಗ್ಲಿ. ನಿಮಗಿರೋ ಸ್ನೇಹಿತರು ಅವರೊಬ್ಬರೇ ಅಂತ ನಂಗೊತ್ತು. ಅದಕ್ಕೇ ಹೇಳ್ತಿರೋದು."

ಅವಳು ಹೇಳಿದ್ದು ನಿಜ. ಈ ದೇಶದಲ್ಲಿ ನನಗೆ ಪರಿಚಯದವರು ಬೇಕಾದಷ್ಟಿದ್ದಾರೆ, ಯುಗಾದಿಗೆ, ದೀಪಾವಳಿಗೆ ಹಾಲ್ ತುಂಬುವಷ್ಟು. ಆದರೆ ಸ್ನೇಹಿತ ಎಂದು ಮನಸ್ಸಿನಲ್ಲಿ ಇಟ್ಟುಕೊಂಡದ್ದು ಗ್ರಹಾಂ ಅವರನ್ನು ಮಾತ್ರ. ಆ ಸ್ನೇಹ ನಿಂತಿದ್ದೇ ಆ ಸುಳ್ಳಿನ ಮೇಲೆ ಎಂಬ ಭಯ ನನಗೆ. ಅದನ್ನು ಕೆಳಗಿನಿಂದ ಎಳೆದರೆ ಮೇಲೆ ಏನು ಉಳಿಯುತ್ತದೆ? ರೆಕಾರ್ಡುಗಳು ಮನೆಗೆ ಬರುವ ಮುಂಚೆ ಹೇಳಿಯೇ ತೀರುತ್ತೇನೆಂದು ನಿಶ್ಚಯಿಸಿದೆ. ಹೇಳುವ ದಿನವನ್ನು ಮಾತ್ರ ಎಂದಿನಂತೆ ಮುಂದೂಡುತ್ತಾ ಹೋಗಿ, ಅವರ ಕಟ್ಟಕಡೆಯ ಆಪರೇಷನ್ನಿನ ದಿನಕ್ಕೆ ತಂದು ನಿಲ್ಲಿಸಿದೆ.

ಕೊನೆಯ ರೋಗಿ ಹಡರ್ಸ್‌ಫೀಲ್ಡಿನಲ್ಲಿ ಬಸ್ಸು ಓಡಿಸಿ ನಿವೃತ್ತನಾಗಿ, ಈಗ ಮಗಳ ಜೊತೆ ಇಲ್ಲೇ ಇರುವವನು. ಹೆಸರು ಡೆನಿಸ್ ಎಂದಿಟ್ಟುಕೊಳ್ಳಿ. ಮೊಣಕಾಲಿನ ಆಪರೇಷನ್ನಿಗೆ ನಾನು ಹೆಚ್ಚಾಗಿ ಬೆನ್ನಿಗೆ ಇಂಜೆಕ್ಷನ್ ಕೊಡುತ್ತೇನೆ. ಸೊಂಟದಿಂದ ಕೆಳಗೆ ಮರಗಟ್ಟುತ್ತದೆ, ಮೇಲೆ ಪೂರ್ತಿ ಎಚ್ಚರ. ಎದೆಯ ಹತ್ತಿರ ಒಂದು ಪರದೆ ಕಟ್ಟುತ್ತೇವೆ. ಆಚೆ ಗ್ರಹಾಂ ಮತ್ತು ಮೊಣಕಾಲು, ಈಚೆ ನಾನು ಮತ್ತು ರೋಗಿಯ ತಲೆ. ತಲೆಗಳ ಜೊತೆ ಹರಟುವುದೂ ನನ್ನ ಕೆಲಸದ ಭಾಗ. ಡೆನಿಸ್ ಗೋಡೆಯ ಮೇಲಿನ ಸ್ಪೀಕರ್ ನೋಡಿ, ಸರ್ಜನರು ಯಾವ ಬ್ಯಾಂಡಿನ ಭಕ್ತರೆಂದು ನರ್ಸುಗಳಿಂದ ಕೇಳಿದ್ದೇನೆ, ನಾನೂ ಅವರವನೇ, ಲೀಡ್ಸಿನಲ್ಲಿ ಅವರು ಹಾಡಿದಾಗ ಡ್ಯೂಟಿ ತಪ್ಪಿಸಿ ಹೋಗಿದ್ದೆ ಎಂದು ಶುರುಮಾಡಿದ. ಅಷ್ಟರಲ್ಲಿ ಪರದೆಯ ಆಚೆಯಿಂದ ಗ್ರಹಾಂ ಹೇಳಿದರು: "ಇವತ್ತು ಶ್ರೀಯ ಆಯ್ಕೆ. ಹದಿನೆಂಟು ವರ್ಷ ನನ್ನದನ್ನು ಸಹಿಸಿಕೊಂಡಿದ್ದಾನೆ. ಮೊಯ್ರಾ, ನಾಲ್ಕನೆಯದನ್ನು ಹಾಕು."

ಮೊಯ್ರಾ ತನ್ನ ಫೋನಿನಿಂದ ಹಾಕಿದಳು. ಮೊದಲ ಹಾಡು ಶುರುವಾದದ್ದೇ ತಡ, ಡೆನಿಸ್ ಕುತ್ತಿಗೆ ಎತ್ತಿ, "ಇದೇನು ಅನ್ಯಾಯ? ನಾನು ಕಾಲು ರಿಪೇರಿಗೆ ಬಂದದ್ದು. ಇದು ಅವರ ಬ್ಯಾಂಡೇ ಅಲ್ಲ" ಎಂದ. ನಾಡಿಯ ಬೀಪ್ ಚುರುಕಾಯಿತು. ಅವನಿಗೆ ಸ್ವಲ್ಪ ಶಾಂತವಾಗುವ ಔಷಧ ಕೊಡಲೇ ಎಂದು ಕೇಳಿದರೆ, ಬೇಡ, ಇದನ್ನು ಎಚ್ಚರದಲ್ಲಿದ್ದೇ ವಿರೋಧಿಸುತ್ತೇನೆ ಎಂದ. ಗರಗಸ ಓಡಿತು, ಸುತ್ತಿಗೆ ಬಿತ್ತು, ಸಿಮೆಂಟು ಕಲಸಿದ್ದಾಯಿತು. ಗ್ರಹಾಂ ಕಾಲನ್ನು ಒತ್ತಿ ಹಿಡಿದು ನಿಂತರು. ಎಂದಿನಂತೆ ಅವರು ಮಾತು ಶುರುಮಾಡಲಿ ಎಂದು ಕಾದೆ. ಅವರು ಸುಮ್ಮನೆ ಹಾಡು ಕೇಳುತ್ತಿದ್ದರು. ಇನ್ನು ಹತ್ತು ನಿಮಿಷ ಈ ಮನುಷ್ಯ ಎಲ್ಲಿಗೂ ಹೋಗುವಂತಿಲ್ಲ, ಇದನ್ನು ಬಿಟ್ಟರೆ ಮುಂದಿನ ಸಿಮೆಂಟು ಇಲ್ಲ ಎಂದು ಬಾಯಿಬಿಟ್ಟೆ.

"ಗ್ರಹಾಂ, ಒಂದು ವಿಷಯ ಹೇಳಬೇಕು. ನೀವು ಮೊದಲ ದಿನ ಕೇಳಿದಾಗ ಈ ಬ್ಯಾಂಡಿನ ಹೆಸರೂ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ಹೆದರಿಕೆಯಾಯಿತು. ನಾಲ್ಕನೆಯದು ಎಂದದ್ದು ಬಾಯಿಗೆ ಬಂದ ಸಂಖ್ಯೆ. ರೆಕಾರ್ಡುಗಳನ್ನು ನನಗೆ ಕೊಡಬೇಡಿ."

ಪರದೆಯ ಆಚೆ ಗ್ರಹಾಂ ಕಾಲನ್ನು ಒತ್ತಿ ಹಿಡಿದೇ ಇದ್ದರು. ಮೊಯ್ರಾ ಸಿಮೆಂಟಿನ ಉಂಡೆಯನ್ನು ನೋಡುತ್ತಾ ನಿಂತಳು. ಡೆನಿಸ್ ಮಾತ್ರ ನನ್ನನ್ನು ಕೆಳಗಿನಿಂದ ನೋಡಿ, "ಹಾಗಾದರೆ ನಿಜವಾಗಿ ನಿನಗೆ ಯಾವುದು ಇಷ್ಟ?" ಎಂದು ಕೇಳಿದ.

"ಈಗ ನಿಜವಾಗಿಯೂ ನಾಲ್ಕನೆಯದೇ" ಎಂದೆ.

"ದೇವರೇ" ಎಂದು ಡೆನಿಸ್ ಕಣ್ಣು ಮುಚ್ಚಿಕೊಂಡ.

ಏಳನೇ ಹಾಡು ಬಂತು. ವಾದ್ಯಗಳು ಶುರುವಾದವು, ಪೇಂಟಂಗಡಿಯವ ತಡೆದು ಒಳಗೆ ಬಂದ. ಆ ಹಾಡನ್ನು ನಾನು ಕಾರಿನ ಹೊರಗೆ ಕೇಳಿದ್ದು ಅದೇ ಮೊದಲು. ಹಾಡು ಮುಗಿಯುವಾಗ ಮೊಯ್ರಾ ಉಂಡೆಯನ್ನು ಟ್ರಾಲಿಗೆ ಬಡಿದಳು, ಟಕ್ ಎಂದಿತು. ಗ್ರಹಾಂ ಕೈ ತೆಗೆದು ಹೊಲಿಗೆ ಹಾಕಿದರು, ಎಲ್ಲರಿಗೂ ಥ್ಯಾಂಕ್ಸ್ ಹೇಳಿ, ಕೇಕ್ ಕತ್ತರಿಸಿ, ಫೋಟೋಕ್ಕೆ ನಿಂತರು. ನನ್ನ ಭುಜ ತಟ್ಟಿದರು, ಆದರೆ ಎಲ್ಲರದನ್ನೂ ತಟ್ಟಿದಂತೆ. ನಾನು ಮನೆಗೆ ಬಂದು ಊಟ ಬೇಡವೆಂದೆ. ಎರಡು ವಾರ ಫೋನಿಲ್ಲ, ಮೆಸೇಜಿಲ್ಲ. ವೀಣಾ ಒಂದು ಸಲವೂ "ನಾನು ಹೇಳಿರಲಿಲ್ವಾ" ಎನ್ನಲಿಲ್ಲ. ಅವಳೇ ಅಲ್ಲವೇ ಹೇಳಲು ಹೇಳಿದ್ದು.

ಮೂರನೇ ಶನಿವಾರ ಬೆಳಿಗ್ಗೆ ಗ್ರಹಾಂ ಅವರ ಕಾರು ಮನೆ ಮುಂದೆ ನಿಂತಿತು. ಹಿಂದಿನ ಸೀಟಿನಿಂದ ಐದು ಪೆಟ್ಟಿಗೆ ಇಳಿಸಿ, ಹಜಾರದಲ್ಲಿ ಸಾಲಾಗಿ ಇಟ್ಟರು. ವೀಣಾ ಕೊಟ್ಟ ಕಾಫಿ ಕುಡಿದರು. ಆಮೇಲೆ ಹೇಳಿದರು: "ನನಗೆ ಸಿಟ್ಟು ಬಂದಿತ್ತು ಶ್ರೀ. ಸುಳ್ಳು ಹೇಳಿದೆಯೆಂದಲ್ಲ, ನನ್ನ ಮೇಲೆಯೇ. ನಾಲ್ಕನೆಯದು ಕೆಟ್ಟದ್ದೆಂದು ನಿನ್ನ ಜೊತೆ ಹದಿನೆಂಟು ವರ್ಷ ಜಗಳವಾಡಿದೆ. ಅದನ್ನು ನಾನು ಪೂರ್ತಿ ಕೇಳಿದ್ದು ಅವತ್ತೇ ಮೊದಲು. ಹುಡುಗನಿದ್ದಾಗ ಮೂರು ಹಾಡು ಕೇಳಿ ಸ್ನೇಹಿತನಿಗೆ ಕೊಟ್ಟುಬಿಟ್ಟಿದ್ದೆ." ಇದನ್ನು ಕೇಳಿ ನನಗೆ ಕಣ್ಣು ತುಂಬಿ ಬಂತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಮನಸ್ಸಿನ ಮೇಲಿದ್ದ ಹದಿನೆಂಟು ವರ್ಷದ ಕಲ್ಲು ಇಳಿದ ಸುಖಕ್ಕೆ ಆ ಹೊತ್ತು ಅವರು ಏನು ಕೇಳಿದರೂ ಕೊಟ್ಟುಬಿಡುತ್ತೇನೆ ಅನ್ನಿಸಿತು. ಗ್ರಹಾಂ ಹೊರಡಲು ಎದ್ದು, ಅಂಗಳದಲ್ಲಿ ನನ್ನ ಹಳೇ ಕಾರಿನ ಹತ್ತಿರ ನಿಂತು, ಒಳಗಿದ್ದ ಸಿಡಿಯ ಡಬ್ಬಿ ನೋಡಿ, "ಆ ಪೆಟ್ಟಿಗೆಗಳಲ್ಲಿ ನಾಲ್ಕನೆಯದೊಂದಿಲ್ಲ. ಅಂಗಡಿಗಳಲ್ಲಿ ಹುಡುಕಿದೆ, ಸಿಗಲಿಲ್ಲ. ಫೋನಿನಲ್ಲಿ ಕೇಳುವುದು ನನಗಾಗದು. ನಿನ್ನ ಸಿಡಿಯನ್ನು ಒಯ್ಯಲೇ?" ಎಂದರು.

"ಇಲ್ಲ" ಎಂದೆ. ನನ್ನ ಕಿವಿಗೇ ಅದು ಹೊಸದಾಗಿ ಕೇಳಿಸಿತು. "ಅದನ್ನು ಕೊಡುವುದಕ್ಕಾಗುವುದಿಲ್ಲ. ಕ್ಷಮಿಸಿ."

ಗ್ರಹಾಂ, ನನಗೆ ನಾಲ್ಕನೆಯದು ಇಷ್ಟವೆಂಬುದು ನಿಜವೇ ಎಂದು ಖಾತ್ರಿಯಾದವರಂತೆ ತಲೆಯಾಡಿಸಿ, ಕಾರು ಹತ್ತಿದರು. ಮುಂದಿನ ತಿಂಗಳು ಹಡರ್ಸ್‌ಫೀಲ್ಡಿಗೆ ಬಾ, ಬರುವಾಗ ನಿನ್ನ ಕಾರಿನಲ್ಲೇ ಬಾ, ಅದರಲ್ಲೇ ಕೂತು ಕೇಳೋಣ ಎಂದು ಕಿಟಕಿಯಿಂದ ಹೇಳಿ ಹೋದರು. ನಾನು ಕೈಬೀಸಿ ಒಳಗೆ ಬಂದರೆ ವೀಣಾ ಹಜಾರದಲ್ಲಿ ಐದು ಪೆಟ್ಟಿಗೆಗಳ ನಡುವೆ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಕಿಟಕಿಯಿಂದ ಎಲ್ಲ ಕೇಳಿಸಿಕೊಂಡಿದ್ದಳು. "ಇಷ್ಟು ಕೊಟ್ಟವರಿಗೆ ಒಂದು ಕೊಡೋಕಾಗ್ಲಿಲ್ವೇನ್ರೀ ನಿಮಗೆ? ಎಂಥಾ ಮನುಷ್ಯ ನೀವು?" ಎಂದಳು. ಹದಿನೆಂಟು ವರ್ಷ ಸುಳ್ಳು ಹೇಳಿಕೊಂಡು ಒಳ್ಳೆಯವನೆನಿಸಿಕೊಂಡಿದ್ದೆ, ಒಂದು ನಿಜ ಹೇಳಿದ್ದಕ್ಕೆ ಜಿಪುಣನಾದೆ.